ಹಾಡು, ಚಿತ್ರ ಎಲ್ಲಾ ಸರಿ, ಪಾಠ ಯಾವಾಗ ಮಾಡ್ತೀರಿ?

"ಅಕ್ಕೋರೆ, ಹಾಡು ಚಿತ್ರ ಎಲ್ಲಾ ಛಲೋ ಐತ್ರಿ. ಆದ್ರ ಪಾಠ ಯಾವಾಗ ಮಾಡ್ತೀರಿ?"

ಪಾಲಕರ ಸಭೆಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರೂ ಕೇಳುತ್ತಾರೆ: "ಇದನ್ನೆಲ್ಲ ಮಾಡ್ತಾ ಕೂತರೆ ಸಿಲಬಸ್ ಮುಗಿಯುತ್ತಾ ಮೇಡಂ?" ನಾನು ಧಾರವಾಡದ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ 4 ಮತ್ತು 5ನೇ ತರಗತಿಗೆ ಕಲಿಸುತ್ತೇನೆ. ನಿಂತ ಕಾಲಲ್ಲಿ ಹೇಳಿದರೆ ಅರ್ಧ ಮಾತು ಒಳಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗಣಿತದಿಂದ ಶುರು ಮಾಡುತ್ತೇನೆ. ಹೆಚ್ಚು ಅನುಮಾನ ಇರುವುದು ಅಲ್ಲೇ.

ನಮ್ಮ ಶಾಲೆಯ ಎಷ್ಟೋ ಹುಡುಗಿಯರು ಬೆಳಿಗ್ಗೆ ಮನೆ ಮುಂದೆ ರಂಗೋಲಿ ಹಾಕಿಯೇ ಶಾಲೆಗೆ ಬರುತ್ತಾರೆ. ಒಂದು ದಿನ ಗುಣಾಕಾರದ ಪಾಠಕ್ಕೆ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದೆ. 5ರಿಂದ 1ಕ್ಕೆ ಸಂದು ಚುಕ್ಕಿ ಇಡಿ ಎಂದೆ. ನಡುವಿನ ಸಾಲಿನಲ್ಲಿ 5 ಚುಕ್ಕಿ. ಅದರ ಮೇಲೂ ಕೆಳಗೂ, ಚುಕ್ಕಿಗಳ ಸಂದಿಗೆ ಸರಿಯಾಗಿ, 4. ಆಮೇಲೆ 3, 2, ತುದಿಯಲ್ಲಿ 1. ಒಟ್ಟು ಎಷ್ಟು? ಕೆಲವರು ಒಂದೊಂದೇ ಎಣಿಸಿದರು, ಕೆಲವರು ಸಾಲು ಸಾಲಾಗಿ ಕೂಡಿದರು. ಎಲ್ಲರದೂ 25 ಬಂತು. 7ರಿಂದ 1ಕ್ಕೆ ಇಟ್ಟರು, 49 ಬಂತು. "ಎಣಿಸದೇ ಹೇಳೋಕೆ ಬರುತ್ತಾ?" ಎಂದು ಕೇಳಿದೆ. ಗದ್ದಲವೋ ಗದ್ದಲ. ಓರೆಗೆ ನಿಂತಿದ್ದ ಒಬ್ಬ ಹುಡುಗ ಕೂಗಿದ: "ಅಕ್ಕೋರೆ, ಈ ಕಡೆ ಬಂದು ನೋಡ್ರಿ, ಐದು ಸಾಲು ಅದಾವ, ಒಂದೊಂದ್ರಾಗ ಐದೈದು!"

ಹೌದು. ಓರೆಯಾಗಿ ನೋಡಿದರೆ ಆ ರಂಗೋಲಿ ಐದೈದ್ಲೆ ಇಪ್ಪತ್ತೈದು. ಮಗ್ಗಿಯಲ್ಲಿ ಬಾಯಿಪಾಠ ಮಾಡಿದ ಸಾಲು ನೆಲದ ಮೇಲೆ ಬಿದ್ದಿತ್ತು. ಎಲ್ಲರೂ ಓಡಿ ಬಂದು ಅವನು ನಿಂತಲ್ಲೇ ನಿಂತು ತಲೆ ವಾಲಿಸಿ ನೋಡಿದರು.

ಮರುದಿನ ನೇರ ಚುಕ್ಕಿ ಇಡಿಸಿದೆ. 7ರಿಂದ 1ಕ್ಕೆ, ಎರಡೆರಡು ಕಡಿಮೆ ಮಾಡುತ್ತಾ: ನಡುವೆ 7, ಅದರ ಮೇಲೂ ಕೆಳಗೂ 5, 3, 1. ಈ ಸಲ ಒಟ್ಟು 49 ಬರಲಿಲ್ಲ, 25 ಬಂತು. ಯಾಕೆ? ಎರಡು ಬಣ್ಣದ ಪುಡಿ ಕೊಟ್ಟು, ಒಂದು ಬಿಟ್ಟು ಒಂದಕ್ಕೆ ಬಣ್ಣ ಬದಲಿಸಿ ಎಂದೆ. ಒಂದು ಬಣ್ಣದವು 16, ಇನ್ನೊಂದರವು 9. ನಾಲ್ಕು ನಾಲ್ಕಲೆ ಒಂದು ಚೌಕ, ಅದರೊಳಗೆ ಸೇರಿಕೊಂಡ ಮೂರು ಮೂರಲೆ ಇನ್ನೊಂದು. ಇದನ್ನು ಅವರೇ ಕಂಡುಕೊಳ್ಳಲು ಪೂರ್ತಿ ಒಂದು ಪೀರಿಯಡ್ ಹೋಯಿತು. ಅದಕ್ಕೆ ನನಗೆ ಬೇಜಾರಿಲ್ಲ. ಆಮೇಲೆ ಗೆರೆ ಎಳೆದು ರಂಗೋಲಿಯನ್ನು ಮುಗಿಸಲೇಬೇಕು ಎಂದೆ. ಲೆಕ್ಕ ಸಿಕ್ಕಿತು ಎಂದು ಅಂದವಾದ ಕೆಲಸವನ್ನು ಅರ್ಧಕ್ಕೆ ಬಿಡಬಾರದು. ಅವತ್ತು ಮೊದಲ ಸಲ ರಂಗೋಲಿ ಪುಡಿ ಹಿಡಿದ ಗಂಡುಹುಡುಗರು ಗೆರೆ ನೆಟ್ಟಗೆ ಬರಲು ಎಷ್ಟು ಕಷ್ಟ ಎಂದು ತಿಳಿದುಕೊಂಡರು. ತಂಗಿಯ ಕೈಚಳಕದ ಬಗ್ಗೆ ಅವರಿಗೆ ಮರ್ಯಾದೆ ಹುಟ್ಟಿತು. ಅದೂ ಶಾಲೆಯಲ್ಲಿ ಆಗಬೇಕಾದ ಕೆಲಸವೇ ಅಲ್ವಾ?

ಆದರೆ ಎಲ್ಲ ಚಿತ್ರವೂ ಪಾಠವಾಗುವುದಿಲ್ಲ. ನಾನೂ ತಪ್ಪು ಮಾಡಿದ್ದೇನೆ. ಮೊದಮೊದಲು ಹಕ್ಕಿಯ ಪಾಠ ಮುಗಿದ ಮೇಲೆ ಗಿಣಿಯ ಅಚ್ಚಿನ ಚಿತ್ರ ಕೊಟ್ಟು ಬಣ್ಣ ತುಂಬಿಸುತ್ತಿದ್ದೆ. ಮೂವತ್ತು ಮಕ್ಕಳು, ಮೂವತ್ತು ಹಸಿರು ಗಿಣಿ. ಒಮ್ಮೆ ನೀರಿನ ಚಕ್ರದ ನಾಟಕ ಮಾಡಿಸಿದೆ. ಮೋಡ, ಮಳೆ, ಹೊಳೆ ಎಲ್ಲ ಚೆನ್ನಾಗಿ ಮಾತಾಡಿದರು, ಏಕೆಂದರೆ ಮಾತು ಬರೆದುಕೊಟ್ಟವಳು ನಾನು. ವಾರ ಬಿಟ್ಟು, ಒಣಹಾಕಿದ ಒದ್ದೆ ಬಟ್ಟೆಯ ನೀರು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಮೋಡವಾಗಿದ್ದ ಹುಡುಗಿಗೂ ಗೊತ್ತಿರಲಿಲ್ಲ. ಅವತ್ತು ರಾತ್ರಿ ತುಂಬ ಯೋಚನೆ ಮಾಡಿದೆ. ಅಂದಿನಿಂದ ಪ್ರತಿ ಸಲ ನನ್ನನ್ನೇ ಒಂದು ಮಾತು ಕೇಳಿಕೊಳ್ಳುತ್ತೇನೆ: ಈ ಹಾಡನ್ನೋ ಚಿತ್ರವನ್ನೋ ತೆಗೆದುಹಾಕಿದರೆ ಪಾಠದಲ್ಲಿ ಏನಾದರೂ ಕಮ್ಮಿ ಆಗುತ್ತದಾ? ಆಗದಿದ್ದರೆ ಅದು ಸುಮ್ನೆ ಅಲಂಕಾರ. ರಂಗೋಲಿಯನ್ನು ತೆಗೆದರೆ ಆ ಚೌಕ ಕಾಣುವುದೇ ಇಲ್ಲ.

ಇದೇನೂ ನಾನು ಹೊಸದಾಗಿ ಹುಡುಕಿದ್ದಲ್ಲ. ನಮ್ಮಲ್ಲೇ ನಲಿ-ಕಲಿ ಇದೆ, ಚಿಕ್ಕ ತರಗತಿಯ ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ್ದು. 2009-10ರಿಂದ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಆ ಕೋಣೆಗಳಲ್ಲಿ ಮಕ್ಕಳ ಕೈಗೆಟುಕುವ ಕಪ್ಪುಹಲಗೆ ಇದೆ, ತಲೆಯ ಮೇಲೆ ಅವರ ಚಿತ್ರಗಳನ್ನು ತೂಗುಹಾಕುವ ಚಪ್ಪರ ಇದೆ, ಹಾಡು ಇದೆ. ಆದರೆ ಅದು 3ನೇ ತರಗತಿಗೇ ಮುಗಿಯುತ್ತದೆ. ನಾಲ್ಕಕ್ಕೆ ಬಂದ ಮಗು ತಲೆ ಎತ್ತಿ ನೋಡಿದರೆ ಚಪ್ಪರವೇ ಇರುವುದಿಲ್ಲ. ಒಂಬತ್ತು ವರ್ಷಕ್ಕೇ ಹಾಡುವ ವಯಸ್ಸು ಮುಗಿಯಿತು ಎಂದು ತೀರ್ಮಾನಿಸಿದವರು ಯಾರು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 10ನೇ ತರಗತಿಯವರೆಗೆ ಕಲೆ ಬೇಕು ಎಂದಿತ್ತು. 2020ರ ಶಿಕ್ಷಣ ನೀತಿಯೂ ಕಲೆಯನ್ನು ಪಾಠದೊಳಗೆ ಬೆರೆಸಿ ಎನ್ನುತ್ತದೆ.

ಇನ್ನು ಮಣ್ಣೆತ್ತು. ಜೂನ್ ತಿಂಗಳಲ್ಲೋ ಜುಲೈ ತಿಂಗಳಲ್ಲೋ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಶಾಲೆ ಆಗಷ್ಟೇ ಶುರುವಾಗಿರುತ್ತದೆ. ನಮ್ಮ ಕಡೆ ಮಣ್ಣಿನಲ್ಲಿ ಜೋಡೆತ್ತು ಮಾಡಿ, ಮುಂದೆ ಗ್ವಾದಲಿ (ಮೇವು ಹಾಕುವ ತೊಟ್ಟಿ) ಇಟ್ಟು ಪೂಜೆ ಮಾಡುತ್ತಾರೆ. ಮಣ್ಣಿನ ಪಾಠವನ್ನು ನಾನು ಆ ವಾರಕ್ಕೇ ಇಟ್ಟುಕೊಳ್ಳುತ್ತೇನೆ. ಒಂದು ಗುಂಪು ಹೊಲದ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು ತರುತ್ತದೆ, ಇನ್ನೊಂದು ಮಸಾರಿ, ಅಂದರೆ ಕೆಂಪು ಮಣ್ಣು, ಮತ್ತೊಂದು ಕೆರೆಯ ಜಿಗುಟು ಮಣ್ಣು. ಮಸಾರಿಯಲ್ಲಿ ಮರಳು ಜಾಸ್ತಿ, ಕೊಂಬು ನಿಲ್ಲುವುದೇ ಇಲ್ಲ. ಎರೆ ಮಣ್ಣಿನ ಎತ್ತು ಹಸಿಯಲ್ಲಿ ಎಲ್ಲಕ್ಕಿಂತ ಚೆಂದ. ಎರಡು ದಿನ ಒಣಗಿದರೆ ಬೆನ್ನು ಸೀಳುತ್ತದೆ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು ಆ ಮಣ್ಣಿನ ಗುಣ. ಬೇಸಿಗೆಯಲ್ಲಿ ಅವರಪ್ಪನ ಹೊಲ ಬಿರಿಯುವುದೂ ಇದಕ್ಕೇ. ಒಂದು ವರ್ಷ ಬಿರುಕು ಬಿಟ್ಟ ಎತ್ತು ಹಿಡಿದು ಅಳುತ್ತಿದ್ದ ಹುಡುಗಿಗೆ ಅವಳ ಗೆಳತಿ ಹೇಳಿದಳು: "ಸಣ್ಣ ಉಸುಕು ಕಲಸಿ ನೋಡು." ಇಬ್ಬರೂ ಸೇರಿ ಇನ್ನೊಂದು ಮಾಡಿದರು. ಬಿರುಕು ಕಡಿಮೆಯಾಯಿತು. ಕುಂಬಾರರು ಮಣ್ಣಿಗೆ ಮರಳು, ಬೂದಿ ಬೆರೆಸುವುದು ಯಾಕೆ ಎಂದು ನಾನು ಹೇಳುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಕಿತ್ತೂರು ರಾಣಿ ಚೆನ್ನಮ್ಮನ ಪಾಠಕ್ಕೆ ಗೀಗೀ ಪದ, ಅಂದರೆ ದಪ್ಪು ಬಾರಿಸುತ್ತಾ ಮೇಳದಲ್ಲಿ ಹಾಡುವ ಜನಪದ ಹಾಡು. 1824ರ ಅಕ್ಟೋಬರ್ 23ರಂದು ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಎಂಬ ಸಾಲನ್ನು ಬರೆಸಿಬಿಟ್ಟರೆ ಎರಡು ನಿಮಿಷದ ಕೆಲಸ. ನಾನು ಗೀಗೀ ಪದದ ಎರಡು ಪಕ್ಷಗಳಾದ ಹರದೇಶಿ-ನಾಗೇಶಿಯವರ ಸವಾಲ್-ಜವಾಬಿನ ಹಾಗೆ ತರಗತಿಯನ್ನು ಎರಡು ಮೇಳ ಮಾಡುತ್ತೇನೆ. ಒಂದು ಮೇಳ ಕಂಪನಿ ಸರ್ಕಾರ, ಇನ್ನೊಂದು ಚೆನ್ನಮ್ಮ. ಕಿತ್ತೂರಿನ ದತ್ತು ಮಗನನ್ನು ವಾರಸುದಾರ ಎಂದು ಒಪ್ಪುವುದಿಲ್ಲ ಎಂದು ಅವರು ಹಾಡಬೇಕು, ಯಾಕೆ ಒಪ್ಪಬೇಕು ಎಂದು ಇವರು. ಪದ ಕಟ್ಟುವುದು ಮಕ್ಕಳೇ. ಎದುರಿನವರು ಏನು ಕೇಳುತ್ತಾರೋ ಎಂಬ ಭಯಕ್ಕೆ ಪುಸ್ತಕವನ್ನು ಎರಡೆರಡು ಸಲ ಓದುತ್ತಾರೆ. ಡೆಸ್ಕೇ ದಪ್ಪು.

ಹಾಗಾದರೆ ಸಮಯ? ಸಮಯ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ, ನಾನು ಮಾಡುವುದೂ ಇಲ್ಲ. ಭಾಗಾಕಾರವನ್ನು ಹಲಗೆಯ ಮೇಲೆಯೇ ಕಲಿಸುತ್ತೇನೆ. ಮಗ್ಗಿ ಬಾಯಿಗೆ ಬರಲೇಬೇಕು. ತಿಂಗಳಿಗೆ ಒಂದೋ ಎರಡೋ ಪಾಠವನ್ನು ಮಾತ್ರ ಹೀಗೆ ಹಿಡಿದುಕೊಳ್ಳುತ್ತೇನೆ. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆಗೂ ಅದೇ ಕೆಲಸ ಬಳಸುತ್ತೇನೆ, ಬೇರೆ ಚಟುವಟಿಕೆ ಹುಡುಕುವುದು ತಪ್ಪುತ್ತದೆ. ಮೊದಲು ಒಂದೇ ಪಾಠವನ್ನು ಮೂರು ಮೂರು ಸಲ ಹೇಳುತ್ತಿದ್ದೆ. ಈ ಪಾಠಗಳಿಗೆ ಈಗ ಹಾಗೆ ಆಗುತ್ತಿಲ್ಲ.

"ನನಗೆ ಹಾಡಲು ಬರುವುದಿಲ್ಲ, ಚಿತ್ರ ಬರುವುದಿಲ್ಲ" ಎನ್ನುವ ಶಿಕ್ಷಕಿಯರಿಗೆ ಒಂದು ಮಾತು. ನನಗೂ ಅಷ್ಟಾಗಿ ಬರುವುದಿಲ್ಲ. ಸಂದು ಚುಕ್ಕಿ ಇಡುವುದನ್ನು ನನಗೆ ಹೇಳಿಕೊಟ್ಟವರು ನಮ್ಮ ಬಿಸಿಯೂಟದ ಅಡುಗೆಯಮ್ಮ. ಊರಿನಲ್ಲಿ ಬಲ್ಲವರು ಇದ್ದಾರೆ, ಕರೆದರೆ ಸಂತೋಷದಿಂದ ಬರುತ್ತಾರೆ.

ಈ ಸಲದ ಅಮಾವಾಸ್ಯೆಗೆ ಕಿರಾಣಿ ಅಂಗಡಿಯಿಂದ ತಕ್ಕಡಿ ಕೇಳಿಟ್ಟಿದ್ದೇನೆ. ಹಸಿ ಎತ್ತನ್ನು ಒಮ್ಮೆ ತೂಗಿ, ಒಣಗಿದ ಮೇಲೆ ಇನ್ನೊಮ್ಮೆ ತೂಗಬೇಕು. ಕಡಿಮೆಯಾದ ತೂಕ ಎಲ್ಲಿಗೆ ಹೋಯಿತು ಎಂದು ಕೇಳಬೇಕು.