ಜನವರಿ ಒಂದು, ಜೂನ್ ಒಂದು

ಆಧಾರ್ ಕಾರ್ಡಿನ ಪ್ರಕಾರ ನನ್ನ ಸೋದರತ್ತೆಗೆ 57 ವರ್ಷ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ಅವರ ಹಿರಿಯ ಮಗನಿಗೆ 47. ಎರಡನ್ನೂ ನಂಬುವುದಾದರೆ ಅತ್ತೆ ಹತ್ತನೆಯ ವಯಸ್ಸಿಗೇ ತಾಯಿಯಾಗಿರಬೇಕು. ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ನಾಡಕಚೇರಿಗೆ ಹೋದಾಗ ಎರಡೂ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಈ ಲೆಕ್ಕವನ್ನೇ ತೋರಿಸಿದೆ. ಅಲ್ಲಿದ್ದವರು ನಕ್ಕು ಲೆಕ್ಕ ಸರಿಯೆಂದು ಒಪ್ಪಿದರಾದರೂ, ಆಧಾರ್‌ನಲ್ಲಿರುವ ಹುಟ್ಟಿದ ದಿನಾಂಕವನ್ನು ಬಿಟ್ಟು ಬೇರೊಂದನ್ನು ತೆಗೆದುಕೊಳ್ಳಲು ತಮಗೆ ಬರುವುದಿಲ್ಲವೆಂದರು.

ಬಡ ಕುಟುಂಬದವರಿಗೆ 60 ತುಂಬಿದರೆ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನವುಂಟು. 65 ತುಂಬಿದರೆ ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ. ಅತ್ತೆಗೆ ಎರಡೂ ಇಲ್ಲ.

ಆಧಾರ್ ಮಾಡಿಸಿದ ದಿನ ಅವರ ಬಳಿ ವಯಸ್ಸಿನ ದಾಖಲೆ ಇರಲಿಲ್ಲ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಯ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವನ್ನು ಯಾರು ಬರೆಸುತ್ತಿದ್ದರು? ಕಂಪ್ಯೂಟರಿನ ಹುಡುಗ ವಯಸ್ಸೆಷ್ಟು ಎಂದಾಗ ಅತ್ತೆ "ನೀನೇ ನೋಡಿ ಹಾಕಪ್ಪ" ಎಂದರಂತೆ. ಅವನು ನೋಡಿ 44 ಎಂದು ಹಾಕಿದ. ವಯಸ್ಸು ಮಾತ್ರ ಹೇಳಿದವರಿಗೆ ಜನವರಿ 1 ಹುಟ್ಟುಹಬ್ಬವಾಗುವುದರಿಂದ ಅತ್ತೆ 1-1-1968ರಂದು ಹುಟ್ಟಿದರು. ಆಧಾರ್ ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲವೆಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ಹೇಳಿ, ಶಾಲೆಯ ಪ್ರಮಾಣಪತ್ರವನ್ನು ಎತ್ತಿಹಿಡಿದಿತ್ತು. ಆ ಸುದ್ದಿಯನ್ನು ಓದಿದ್ದರಿಂದಲೇ ನನಗೆ ಅತ್ತೆಯ ಶಾಲೆಯ ನೆನಪಾಯಿತು.

ಅವರು ಓದಿದ್ದು ಮೂರನೇ ತರಗತಿಯವರೆಗೆ. ಯಾವ ವರ್ಷ ಸೇರಿದಿರಿ ಎಂದರೆ ತಿಳಿಯದು, ಆದರೆ ಅದೇ ವರ್ಷ ಚೀನಾದ ಯುದ್ಧವಾಗಿ ಮೇಷ್ಟ್ರು ಮನೆಮನೆಗೆ ಬಂದು ಕಾಸು ಎತ್ತಿದ್ದು ಚೆನ್ನಾಗಿ ನೆನಪಿದೆ. ಹಾಗಾದರೆ 1962. ಮುಖ್ಯೋಪಾಧ್ಯಾಯರು ಬೀರುವಿನ ತಳದಿಂದ ಗೆದ್ದಲು ತಿಂದ ದಾಖಲಾತಿ ಪುಸ್ತಕವನ್ನು ತೆಗೆದು, ಅರ್ಧ ಗಂಟೆ ಹುಡುಕಿ, ಅಜ್ಜನ ಹೆಸರಿನ ಪಕ್ಕದಲ್ಲಿ ಅತ್ತೆಯ ಹೆಸರನ್ನು ತೋರಿಸಿದರು. ಹುಟ್ಟಿದ ದಿನಾಂಕ 1-6-1957.

ಇದೂ ಮೇಷ್ಟ್ರ ಊಹೆಯೇ. ಶಾಲೆ ತೆರೆಯುವ ಜೂನ್ ಒಂದಕ್ಕೆ ಮಗುವಿಗೆ ಐದು ತುಂಬುವಂತೆ ಹಿಂದಕ್ಕೆ ಎಣಿಸಿ ಬರೆದ ತಾರೀಖು; ಆ ಪುಟದಲ್ಲಿ ಅದೇ ದಿನ ಹುಟ್ಟಿದವರು ಇನ್ನೂ ಒಂಬತ್ತು ಮಂದಿ ಇದ್ದರು. ಆದರೂ ಐದು ವರ್ಷದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಮಾಡಿದ ಊಹೆ ಹೆಚ್ಚು ತಪ್ಪುವುದಿಲ್ಲ. ದುಡಿದು ಬಾಡಿದ ಹೆಂಗಸಿನ ಮುಖ ನೋಡಿ ಮಾಡುವ ಊಹೆಗೆ ಆ ಭರವಸೆಯಿಲ್ಲ.

ಉದ್ಧೃತ ಪ್ರತಿಗೆ ಮೊಹರು ಹಾಕಿಸಿ ಆಧಾರ್ ತಿದ್ದುಪಡಿಗೆ ಕೊಟ್ಟು ಬಂದೆವು. ಸ್ವೀಕೃತಿ ಚೀಟಿಯನ್ನು ಅತ್ತೆ ನಾಲ್ಕಾಗಿ ಮಡಚಿ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದಾರೆ.