ಮೂರು, ನಾಲ್ಕು, ಐದು, ಆರು

ದಕ್ಷಿಣ ಕೊರಿಯಾದ ಬಾವುಟ ತೇಗುಕ್ಗಿ ನೋಡೋಕೆ ಸರಳ, ಬರೆಯೋಕೆ ಕೂತರೆ ತಪ್ಪುವುದೇ ಹೆಚ್ಚು. ಸಾಮಾನ್ಯವಾಗಿ ಎಡವಟ್ಟಾಗುವುದು ಮೂಲೆಯ ಕಪ್ಪು ಗೀಟುಗಳಲ್ಲಿ. ಪ್ರತಿ ಮೂಲೆಯಲ್ಲೂ ಮೂರು ಗೀಟು, ಕೆಲವು ನಡುವೆ ಕತ್ತರಿಸಿ ಎರಡಾದವು. ತುಂಡುಗಳನ್ನು ಎಣಿಸಿಬಿಡಿ: ಎಡ ಮೇಲೆ 3 (ಆಕಾಶ), ಎಡ ಕೆಳಗೆ 4 (ಬೆಂಕಿ), ಬಲ ಮೇಲೆ 5 (ನೀರು), ಬಲ ಕೆಳಗೆ 6 (ಭೂಮಿ). ಆಕಾಶದ ಎದುರು ಮೂಲೆಗೆ ಭೂಮಿ, ಬೆಂಕಿಯ ಎದುರಿಗೆ ನೀರು.

ಅಳತೆ 3:2. ಅಂದರೆ 30 ಸೆಂ.ಮೀ. ಅಗಲ, 20 ಎತ್ತರದ ಬಟ್ಟೆಗೆ ನಡುವಿನ ವೃತ್ತದ ವ್ಯಾಸ 10. ವೃತ್ತದಿಂದ ಎರಡೂವರೆ ಸೆಂ.ಮೀ. ಬಿಟ್ಟು 5 ಸೆಂ.ಮೀ. ಉದ್ದದ ಗೀಟುಗಳು, ಮೂಲೆಯಿಂದ ಮೂಲೆಗೆ ಎಳೆದ ಕರ್ಣರೇಖೆಗೆ ಅಡ್ಡಲಾಗಿ. ನೆಟ್ಟಗೆ ನಿಲ್ಲಿಸಿದರೆ ಕೆಟ್ಟಿತು. ವೃತ್ತವನ್ನು ಕೆಂಪು, ನೀಲಿ ಎಂದು ಎರಡು ಮಾಡುವ ಅಲೆಯೂ ಅಷ್ಟೇ, ಎಡ ಮೇಲಿನಿಂದ ಬಲ ಕೆಳಕ್ಕೆ ಇಳಿಯುವ ಕರ್ಣದ ಮೇಲೇ ಕೂರಬೇಕು. ಮೇಲಿನ ಕೆಂಪಿನ ದಪ್ಪ ತಲೆ ಎಡಕ್ಕೆ, ಕೆಳಗಿನ ನೀಲಿಯದು ಬಲಕ್ಕೆ. ಮಲಗಿಸಿ ಬರೆದರೆ ಪೆಪ್ಸಿ ಲೋಗೋ ಆಗಿಬಿಡುತ್ತದೆ!

1883ರಲ್ಲೇ ರಾಷ್ಟ್ರಧ್ವಜವಾದರೂ ಅಳತೆ ನಿಗದಿಯಾಗಿದ್ದು 1949ರಲ್ಲಿ. ಹಾಗಾಗಿ ಹಳೆಯ ಬಾವುಟಗಳಲ್ಲಿ ಅಲೆ, ಗೀಟು ಬೇರೆ ಥರ ಕಂಡರೆ ಅದು ತಪ್ಪಲ್ಲ. ಅಷ್ಟು ವರ್ಷ ಒಬ್ಬೊಬ್ಬರು ಒಂದೊಂದು ಥರ ಬರೆದರೂ ಎಲ್ಲರಿಗೂ ಅದು ತಮ್ಮದೇ ಬಾವುಟವಾಗಿತ್ತು ಅನ್ನೋದು ಯಾಕೋ ಇಷ್ಟವಾಗುತ್ತೆ.