ನಾಲ್ಕು ಲೋಹ, ಹದಿನೈದು ಲಿಗ್ಯಾಂಡ್: ಕೆಲಸ ಎಲ್ಲಿಗೆ ಬಂತು

ಪುಟ್ಟ ಗುಳಿಗಳಿರುವ ಮೊದಲ ತಟ್ಟೆ ತುಂಬಿದೆ. ಲೋಹವನ್ನು ಹಿಡಿದುಕೊಳ್ಳುವ ಅಣುವೇ ಲಿಗ್ಯಾಂಡ್, ಎರಡೂ ಕೂಡಿದರೆ ಸಂಕೀರ್ಣ. ಯಾವ ಜೋಡಿ ಸಂಕೀರ್ಣ ಕೊಡುತ್ತದೆ ಅಂತ ಒಂದೊಂದು ಗುಳಿಯಲ್ಲಿ ಒಂದೊಂದು ಜೋಡಿ ಹಾಕಿ ನೋಡುತ್ತಿದ್ದೇವೆ. ದಾವಣಗೆರೆಯ ಕಾಲೇಜು ಲ್ಯಾಬ್‌ನಲ್ಲಿ, ತರಗತಿ ಮುಗಿದ ಮೇಲೆ, ವಿದ್ಯಾರ್ಥಿಗಳ ಜೊತೆ ನಡೆಯುತ್ತಿರುವ ಕೆಲಸ ಇದು.

ಲೆಕ್ಕ ಹೀಗಿದೆ. ಮೂರು ಆಲ್ಡಿಹೈಡ್, ಐದು ಅಮೈನ್. ಒಂದೊಂದು ಜೋಡಿಯನ್ನು ಇಥನಾಲ್‌ನಲ್ಲಿ ಕಲಸಿದರೆ ಎರಡೂ ಕೂಡಿ ಶಿಫ್ ಬೇಸ್ ಎಂಬ ಲಿಗ್ಯಾಂಡ್ ತಾನಾಗಿಯೇ ಆಗುತ್ತದೆ, ದ್ರಾವಣ ಹಳದಿಗೆ ತಿರುಗುತ್ತದೆ. ಸೋಸುವ, ಒಣಗಿಸುವ ಗೋಜಿಲ್ಲ. ಎಂಟು ಬಾಟಲಿಯಿಂದ ಹದಿನೈದು ಲಿಗ್ಯಾಂಡ್! ಅವಕ್ಕೆ ತಾಮ್ರ, ನಿಕಲ್, ಕೋಬಾಲ್ಟ್, ಸತು ಸೇರಿಸಿದರೆ 60 ಗುಳಿ.

ತಟ್ಟೆಯಲ್ಲಿರುವುದು 96. ಉಳಿದ 36 ಹೋಲಿಸಿ ನೋಡಲು ಇಟ್ಟವು, ಅವುಗಳಲ್ಲೇ ನಿಜವಾದ ಕೆಲಸ ಇರುವುದು. ಲೋಹವಿಲ್ಲದ ಲಿಗ್ಯಾಂಡ್‌ಗೆ 15, ಬರೀ ಲೋಹಕ್ಕೆ 4, ಅಮೈನ್ ಇಲ್ಲದೆ ಲೋಹ ಮತ್ತು ಆಲ್ಡಿಹೈಡ್‌ಗೆ 12, ಬರೀ ದ್ರಾವಕಕ್ಕೆ 5. ಆಲ್ಡಿಹೈಡ್ ಇಲ್ಲದೆ ಲೋಹ ಮತ್ತು ಅಮೈನ್‌ಗೆ ಇನ್ನೂ 20 ಬೇಕು, ಅದಕ್ಕೆ ಎರಡನೇ ತಟ್ಟೆ. ಇದು ಜಾಸ್ತಿ ಅನಿಸಬಹುದು. ಆದರೆ ತಾಮ್ರಕ್ಕೆ ನಮ್ಮ ಅಮೈನ್‌ಗಳಲ್ಲಿ ಒಂದಾದ ಎಥಿಲೀನ್‌ಡೈಅಮೈನ್ ಒಂದನ್ನೇ ಹಾಕಿದರೂ ಚೆಂದದ ನೇರಳೆ ಬಣ್ಣ ಬರುತ್ತದೆ. ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಶಿಫ್ ಬೇಸ್ ಸಂಕೀರ್ಣ ಸಿಕ್ಕಿತು ಅಂದರೆ ಯಾರು ನಂಬುತ್ತಾರೆ?

ಎಲ್ಲ ಗುಳಿಗೂ ಒಂದೇ ಪ್ರಮಾಣ ನಡೆಯುವುದಿಲ್ಲ. ಎಥಿಲೀನ್‌ಡೈಅಮೈನ್ ಇದ್ದಲ್ಲಿ ಒಂದು ಲೋಹಕ್ಕೆ ಎರಡು ಆಲ್ಡಿಹೈಡ್, ಒಂದು ಅಮೈನ್. ಅನಿಲೀನ್ ಆದರೆ ಎರಡೂ ಎರಡೆರಡು. ಗ್ಲೈಸಿನ್‌ಗೆ ಒಂದೊಂದು ಸಾಕು. ಅದಂತೂ ಇಥನಾಲ್‌ನಲ್ಲಿ ಕರಗುವುದೇ ಇಲ್ಲ, ಸ್ವಲ್ಪ ನೀರು ಬೇಕು.

ಚನ್ನಗಿರಿ ಕಡೆ ಅಡಿಕೆಗೆ ಬಳಸುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಹಾಕಬಾರದಾ ಅಂತ ಕೇಳಿದವರಿದ್ದಾರೆ. ಸಲ್ಫೇಟ್ ಇಥನಾಲ್‌ಗೆ ಒಗ್ಗುವುದಿಲ್ಲ. ಲೋಹದ ಅಸಿಟೇಟ್ ಲವಣ ಆದರೆ ಲಿಗ್ಯಾಂಡ್‌ನಲ್ಲಿರುವ ಫಿನಾಲ್ ಭಾಗದ ಪ್ರೋಟಾನ್ ಕಿತ್ತುಕೊಳ್ಳುವ ಕೆಲಸವನ್ನೂ ಮಾಡಿಕೊಡುತ್ತದೆ. ಹಾಗಾಗಿ ನಾಲ್ಕೂ ಅಸಿಟೇಟ್.

ಈಗ ಫಲಿತಾಂಶ. ಸ್ಯಾಲಿಸಿಲಾಲ್ಡಿಹೈಡ್ ಮತ್ತು ಎಥಿಲೀನ್‌ಡೈಅಮೈನ್ ಇರುವ ಗುಳಿಗಳಲ್ಲಿ ನಿಕಲ್ ಕೆಂಪು ಕಂದಾಗಿದೆ, ತಾಮ್ರ ಕಡು ಹಸಿರು. ಆ ಜೋಡಿಯಿಂದಾಗುವ ಲಿಗ್ಯಾಂಡ್‌ಗೆ ಸ್ಯಾಲೆನ್ ಅಂತ ಹೆಸರು. ಇವು ಪುಸ್ತಕದಲ್ಲಿರುವ ಸ್ಯಾಲೆನ್ ಸಂಕೀರ್ಣಗಳು, ನಮಗೆ ಗುರುತಿನ ಕಲ್ಲು. ಕೋಬಾಲ್ಟ್ ಗುಳಿಗಳು ನೋಡುತ್ತಿದ್ದಂತೆ ಕಪ್ಪಾದವು. ಕೋಬಾಲ್ಟ್ ಸ್ಯಾಲೆನ್ ಆಮ್ಲಜನಕ ಹಿಡಿಯುತ್ತದೆಂದು ಜಪಾನಿನ ರಸಾಯನ ವಿಜ್ಞಾನಿ ತ್ಸುಮಾಕಿ 1938ರಲ್ಲೇ ತೋರಿಸಿದ್ದಾರೆ. ಗಾಳಿ ಆಡುವ ತೆರೆದ ತಟ್ಟೆಯಲ್ಲಿ ಆ ಸಾಲಿನ ಬಣ್ಣಕ್ಕೆ ನಾನು ಬೆಲೆ ಕೊಡುವುದಿಲ್ಲ.

ಸತುವಿನ ಗುಳಿಗಳು ಮಾತ್ರ ಬರೀ ಹಳದಿ. ವಿದ್ಯಾರ್ಥಿನಿಯೊಬ್ಬಳು, "ಸರ್, ಈ ಸಾಲು ಖಾಲಿ ಅಲ್ವಾ?" ಅಂದಳು. ಸತುವಿನ ಡಿ ಕಕ್ಷೆಯಲ್ಲಿ ಹತ್ತೂ ಎಲೆಕ್ಟ್ರಾನ್ ತುಂಬಿವೆ, ತಾಮ್ರ ನಿಕಲ್‌ನ ಹಾಗೆ ಬಣ್ಣ ಕೊಡುವುದಿಲ್ಲ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಹಿಡಿದು ದೀಪ ಆರಿಸಿದೆವು. ಸತುವಿನ ಹಲವು ಗುಳಿ ನೀಲಿಯಾಗಿ ಹೊಳೆದವು, ಲೋಹವಿಲ್ಲದ ಜೋಡಿಗಳು ಮಂಕಾಗಿಯೇ ಇದ್ದವು. ತಾಮ್ರದ ಸಾಲು ಪೂರ್ತಿ ಕತ್ತಲು, ಏಕೆಂದರೆ ತಾಮ್ರ ಆ ಹೊಳಪನ್ನು ನುಂಗಿಬಿಡುತ್ತದೆ. ಬರೀ ಬಣ್ಣ ನೋಡಿ ಆರಿಸಿದ್ದರೆ ಸತುವಿನ ಇಡೀ ಸಾಲನ್ನು ಚೆಲ್ಲಿಬಿಡುತ್ತಿದ್ದೆವು.

ಒಂದು ತೊಂದರೆ ಇನ್ನೂ ಬಗೆಹರಿದಿಲ್ಲ. ನಮ್ಮೂರಿನ ಬಿಸಿಲಿಗೆ ಅಂಚಿನ ಗುಳಿಗಳಲ್ಲಿ ಇಥನಾಲ್ ಬೇಗ ಆರುತ್ತದೆ, ದ್ರಾವಣ ಗಟ್ಟಿಯಾಗಿ ಬಣ್ಣ ಏರುತ್ತದೆ. ಮುಂದಿನ ತಟ್ಟೆಯಲ್ಲಿ ಅಂಚಿಗೆ ಬರೀ ದ್ರಾವಕ, ಮೇಲೆ ಮುಚ್ಚಳ. ನಿಕಲ್, ಕೋಬಾಲ್ಟ್ ಕಸ ಸಿಂಕ್‌ಗೆ ಹೋಗದೆ ಬೇರೆ ಕ್ಯಾನಿಗೆ ಹೋಗುತ್ತಿದೆ.

ಹೊಳೆದ ಗುಳಿಗಳಲ್ಲಿ ಎಥನಾಲಮೈನ್‌ನ ಒಂದನ್ನು ಆರಿಸಿದ್ದೇವೆ. ಅದರಲ್ಲಿ ಲೋಹ ಮತ್ತು ಲಿಗ್ಯಾಂಡ್ ಒಂದಕ್ಕೊಂದೋ, ಒಂದಕ್ಕೆರಡೋ ಅಂತ ಜಾಬ್ ವಿಧಾನದಲ್ಲಿ, ಅಂದರೆ ಎರಡರ ಪಾಲು ಬದಲಿಸುತ್ತಾ ಅಳೆದು, ನೋಡಬೇಕು. ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಬಿಡುವಾಗುವುದನ್ನೇ ಕಾಯುತ್ತಿದ್ದೇವೆ.